ಕೇಳದೆ ಸಿಕ್ಕ ಡ್ರಾ

ರಾಷ್ಟ್ರೀಯ ಚದುರಂಗದ ಕೊನೆಯ ಸುತ್ತಿನಲ್ಲಿ ಅಕ್ಕ, ತಮ್ಮ ಎದುರುಬದುರಾಗಿ ಕುಳಿತಿದ್ದರು. ಇಬ್ಬರೂ ಗ್ರ್ಯಾಂಡ್‌ಮಾಸ್ಟರುಗಳೇ. ತಮ್ಮ ಮೂರು ಸಲ ಚಾಂಪಿಯನ್ ಆದವನು. ಐವತ್ತೆಂಟು ದಾಟಿದ ಅಕ್ಕನಿಗೆ ಒಮ್ಮೆಯೂ ಆ ಭಾಗ್ಯ ಬಂದಿರಲಿಲ್ಲ. ಈ ಬಾರಿ ಅವಳು ಅರ್ಧ ಅಂಕ ಮುಂದಿದ್ದಳು. ಡ್ರಾ ಆದರೂ ಸಾಕು, ಪಟ್ಟ ಅವಳದೇ.

ಮೊದಲ ಸಾಲಿನ ಮೂಲೆಯ ಕುರ್ಚಿ ಖಾಲಿಯಿತ್ತು. ಹೋದ ವರ್ಷದವರೆಗೂ ಅಮ್ಮ ಅಲ್ಲಿ ಕಣ್ಣು ಮುಚ್ಚಿ ಕೈಮುಗಿದು ಕೂರುತ್ತಿದ್ದಳು. "ದೇವರ ಹತ್ರ ಯಾರ ಗೆಲುವು ಕೇಳ್ದೆ?" ಎಂದು ಅಕ್ಕ ಕೆಣಕಿದರೆ, "ಏನೂ ಕೇಳ್ಲಿಲ್ಲ ಕಣೇ. ಕೊಡೋನಿಗೆ ನಾನು ಜ್ಞಾಪಿಸ್ಬೇಕಾ?" ಎನ್ನುತ್ತಿದ್ದಳು.

ಅಕ್ಕ ಒಂದು ಆನೆ ಕಳೆದುಕೊಂಡು ಸೋಲುವ ಅಂಚಿನಲ್ಲಿದ್ದಳು. ಅಷ್ಟರಲ್ಲಿ ಅವಳ ಮಂತ್ರಿಗೆ ದಾರಿ ಕಂಡಿತು. ಇಲ್ಲಿ ಚೆಕ್, ಅಲ್ಲಿ ಚೆಕ್! ತಮ್ಮನ ರಾಜ ಎರಡೇ ಮನೆಗಳ ನಡುವೆ ಉಯ್ಯಾಲೆಯಾಡತೊಡಗಿದ. ಅಕ್ಕನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿಬಂತು.

ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಆದರೆ ನಡೆಯನ್ನು ಮೊದಲು ಹಾಳೆಯಲ್ಲಿ ಬರೆದು, ಕಾಯಿ ಮುಟ್ಟದೆ ತೀರ್ಪುಗಾರರನ್ನು ಕರೆಯಬೇಕು. ಮೂರನೆಯ ಸಲ ಅಕ್ಕ ಸಂಭ್ರಮ ತಡೆಯಲಾರದೆ ಮಂತ್ರಿಯನ್ನು ಟಪ್ಪನೆ ನಡೆಸಿಯೇಬಿಟ್ಟಳು. ಕೇಳುವ ಹಕ್ಕು ತಮ್ಮನಿಗೆ ಹೋಯಿತು. ಗೆಲ್ಲಲೇಬೇಕಾದ ಅವನು ಕೇಳುತ್ತಾನೆಯೇ?

"ಪೆನ್ನು ಯಾಕೆ ತಂದೆ, ತಲೆ ಕೆರ್ಕೊಳ್ಳೋಕಾ?" ಎಂದು ಪಿಸುಗುಟ್ಟಿದ.

"ಬಾಯ್ಮುಚ್ಕೊಂಡು ನಿನ್ನ ರಾಜನ್ನ ಓಡಿಸೋ."

"ಶ್!" ಎಂದರು ತೀರ್ಪುಗಾರರು.

ನಾಲ್ಕನೆಯ ಸಲ ಪೆನ್ನು ಹಿಡಿದಳು. ಅದು ಬೆರಳಿನಿಂದ ಜಾರಿ ಮೇಜಿನಡಿ ಉರುಳಿತು. ಅವಳ ಗಡಿಯಾರದಲ್ಲಿ ಉಳಿದದ್ದು ಹನ್ನೊಂದೇ ಸೆಕೆಂಡು, ಮುಗಿದರೆ ಸೋಲು. ಗಾಬರಿಯಲ್ಲಿ ಮತ್ತೆ ಕೈಯೇ ಮುಂದಾಗಿ ಮಂತ್ರಿಯನ್ನು ನಡೆಸಿಬಿಟ್ಟಿತು. ತಮ್ಮ ನಗು ತಡೆಯಲು ಅಂಗಿಯ ತೋಳು ಕಚ್ಚಿಕೊಂಡ. ರಾಜ ಓಡಿದ, ಮಂತ್ರಿ ಅಟ್ಟಿತು. ಮತ್ತೆ ಓಡಿದ, ಮತ್ತೆ ಅಟ್ಟಿತು. ಇನ್ನು ಮೂರು ಸೆಕೆಂಡು.

ತೀರ್ಪುಗಾರರು ಬಂದು ಗಡಿಯಾರ ನಿಲ್ಲಿಸಿದರು.

ಅಕ್ಕ ತಟ್ಟನೆ ತಲೆಯೆತ್ತಿದಳು. "ನಾನಿನ್ನೂ ಏನೂ ಕೇಳ್ಲಿಲ್ವಲ್ಲ?"

"ಇದು ಐದನೇ ಸಲ ಕಣಮ್ಮ. ಇನ್ನು ಯಾರೂ ಕೇಳ್ಬೇಕಾಗಿಲ್ಲ, ತಾನಾಗೇ ಡ್ರಾ."

ಆ ನಿಯಮ ಅವಳಿಗೆ ಮರೆತೇಹೋಗಿತ್ತು. ಅವಳು ಖಾಲಿ ಕುರ್ಚಿಯತ್ತ ನೋಡಿದಳು. "ಕೇಳ್ಲೇ ಇಲ್ಲ ಕಣೋ!" ಎನ್ನುತ್ತ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ತಮ್ಮ ಮೇಜಿನಡಿ ತೂರಿ, ಪೆನ್ನು ಹಿಡಿದು, ಧೂಳಿನ ಮಂಡಿಯೊಂದಿಗೆ ಎದ್ದುಬಂದ. "ತಗೋ ಚಾಂಪಿಯನ್ನಮ್ಮ, ಸಹಿಯನ್ನಾದ್ರೂ ಪೆನ್ನಲ್ಲಿ ಹಾಕು!"

ನಗುವಿನ ಅಲುಗಾಟಕ್ಕೆ ಸಹಿ ಹಾಳೆಯ ಗೆರೆ ದಾಟಿ ತಮ್ಮನ ಹೆಸರಿನವರೆಗೂ ಹೋಯಿತು.