ಬೆಳ್ಳಿ ಹುಡುಕುವ ಮಷೀನು

ನನ್ನ ಬಾಯಿ ಕೆಟ್ಟದ್ದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಕಮಲಾಪುರದಿಂದ ಅಣ್ಣ ಮಾಪಣ್ಣ ಫೋನು ಮಾಡಿ, ಅವ್ವ ಮೂರು ದಿನದಿಂದ ಊಟ ಮುಟ್ಟಿಲ್ಲ ಎಂದಾಗಲೂ ನಾನು ಮೊದಲು ಬೈದೆ, ಯಾಕೆ ಎಂದು ಆಮೇಲೆ ಕೇಳಿದೆ.

“ಲಿಂಗ ಕಳದಾದವ್ವ ಮಲ್ಲಿ,” ಅಂದ. “ಬಾಳಿ ತ್ವಾಟದಾಗ ಒಣಗಿದ ಎಲಿ ಕೊಯ್ಯೂಮುಂದ ಶಿವದಾರ ಹರದು ಬಿದ್ದಾದ. ಮನಿಗಿ ಬಂದು ನೋಡಿದ್ರ ಕೊಳ್ಳಾಗ ಇಲ್ಲ. ಲಿಂಗಪೂಜಿ ಇಲ್ದ ತುತ್ತು ಮುಟ್ಟಂಗಿಲ್ಲ ಅಂತ ಕುಂತಾಳ. ನೀರು ಕುಡ್ಯಾಕತ್ತಾಳ, ಅದೂ ನಾ ಕಾಲಿಗಿ ಬಿದ್ದ ಮ್ಯಾಲ.”

“ಮಠದ ಅಜ್ಜಾರಿಗಿ ಹೇಳಿ ಹೊಸಾದು ಕಟ್ಟಸಬೇಕಿಲ್ಲೇನೋ!”

“ಅಜ್ಜಾರು ತಾವೇ ಬಂದಿದ್ರು. ಒಲ್ಲೆ ಅಂದಳು. ಮಣ್ಣಿನಾಗ ಇಡೂಮುಂದ ನನ್ನ ಅಂಗೈಯಾಗ ಅದೇ ಇರಬೇಕು ಅಂತಾಳ.”

ಹುಟ್ಟಿದಾಗ ಕಟ್ಟಿದ ಲಿಂಗ ಕೊನೆಗೆ ಅಂಗೈಯಲ್ಲೇ ಮಣ್ಣಿಗೆ ಹೋಗಬೇಕು. ನಮ್ಮವರಲ್ಲಿ ಹಾಗೆ. ಆದರೆ ಇದಕ್ಕಾಗಿ ಜೀವ ಪಣಕ್ಕಿಡುವವರು ಈಗ ಎಷ್ಟು ಜನ ಇದ್ದಾರೆ? ನಮ್ಮವ್ವ ಸೂಗಮ್ಮ ಇದ್ದಾಳೆ. ಅರವತ್ತೆಂಟು ವರ್ಷ, ಮೈತುಂಬ ಸಕ್ಕರೆ ಕಾಯಿಲೆ. ಇನ್ನೆರಡು ದಿನ ಹೀಗೇ ನಡೆದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಊರಿನ ಡಾಕ್ಟರು ಹೇಳಿ ಹೋಗಿದ್ದರು.

“ಕೊಯ್ದ ಎಲಿ ಎಲ್ಲಾ ಅವತ್ತೇ ಒಟ್ಟಿ ಸುಟ್ಟೀವಿ,” ಎಂದು ಅಣ್ಣ ದನಿ ತಗ್ಗಿಸಿದ. “ಅದರಾಗೇನರೆ...”

“ಸುಟ್ರೇನಾತು? ಬೆಳ್ಳಿ ಕರಡಿಗಿ ಸುಟ್ಟು ಬೂದಿ ಆಗ್ತದೇನು? ಬೂದ್ಯಾಗ ಇರ್ತದ, ಇಲ್ಲಾಂದ್ರ ಮಣ್ಣಾಗ. ನಾ ಬರ್ತೀನಿ ತಡಿ.”

ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಬೆಳ್ಳಿ ಕರಡಿಗೆ ನನಗೆ ಗೊತ್ತಿಲ್ಲದ್ದೇ? ಅಜ್ಜಿಯಿಂದ ಅವ್ವನಿಗೆ ಬಂದದ್ದು, ಲಿಂಬೆಹಣ್ಣಿನಷ್ಟು ದುಂಡಗೆ, ಕೈಗೆ ಭಾರ. ಸಣ್ಣವಳಿದ್ದಾಗ ಅವ್ವನ ಎದೆಯ ಮೇಲೆ ಮಲಗಿ ಎದ್ದರೆ ನನ್ನ ಕೆನ್ನೆಯ ಮೇಲೆ ಅದರ ಗುರುತು ಬಿದ್ದಿರುತ್ತಿತ್ತು.

ನೆಲದೊಳಗಿನ ಲೋಹ ಹುಡುಕುವ ಮಷೀನು ನೆಹರು ಗಂಜಿನ ಬಷೀರುನ್ನೀಸಾ ಖಾಲಾನ ಮನೆಯಲ್ಲಿತ್ತು. ಅವಳ ಗಂಡ ಗುಜರಿ ವ್ಯಾಪಾರ ಮಾಡುತ್ತಿದ್ದವನು. ಹೂತುಹೋದ ಹಳೆ ಪೈಪು ಹುಡುಕಲು ತರಿಸಿಕೊಂಡಿದ್ದ. ಅವನು ತೀರಿಕೊಂಡ ಮೇಲೂ ಖಾಲಾ ಅದನ್ನು ಮಾರಿರಲಿಲ್ಲ. ವಾರಕ್ಕೊಮ್ಮೆ ಒರೆಸಿಡುತ್ತಿದ್ದಳು. ಕೊಡುವುದೇನೋ ಕೊಟ್ಟಳು, ಆದರೆ ಮದುಮಗಳನ್ನು ಕಳಿಸಿದ ಹಾಗೆ ನೂರು ಮಾತು ಹೇಳಿ ಕೊಟ್ಟಳು.

“ದೇಖೋ ಬೇಟಿ, ಕೋಲಿನ ತುದಿಗಿ ಕೂಡಸೋ ಈ ದುಂಡನ ಥಾಲಿ ಅದ ನೋಡು, ಇದೇ ಮಷೀನಿನ ಜಾನ್. ಕೌದ್ಯಾಗ ಸುತ್ತಿ ತೊಡಿ ಮ್ಯಾಲ ಇಟ್ಕೊಂಡು ಹೋಗಬೇಕು. ವಾಯರು ಬಿಗಿಯಾಗಿ ಸುತ್ತಬ್ಯಾಡ, ಒಳಗ ತುಂಡಾಗ್ತದ. ಕೋಲು ಬ್ಯಾರೆ ಕಟ್ಟು. ಸೆಲ್ಲು ತಗದು ಬ್ಯಾರೆ ಇಡು, ಇಲ್ಲಂದ್ರ ಬಸ್ಸಿನಾಗೇ ಕೂಗ್ತದ. ಕೆಲಸ ಮುಗದ ಮ್ಯಾಲ ಮೊದಲ ಸೆಲ್ಲು ತಗೀಬೇಕು, ಮರೀಬ್ಯಾಡ.”

“ಆಯ್ತು ಖಾಲಾ.”

“ಮತ್ತ ಒಂದು ಬೆಳ್ಳಿ ಸಾಮಾನು ಸಂಗಡ ಒಯ್ಯಿ. ಕಬ್ಬಿಣಕ್ಕ ಗರ್ರ್ ಅಂತದ, ಬೆಳ್ಳಿಗಿ ಸಣ್ಣಗ ಕುಯ್ ಅಂತದ. ಮೊದಲ ಆ ಸದ್ದು ಕಿವಿಗಿ ಬೀಳಬೇಕು. ಆಮ್ಯಾಲ ಹುಡುಕು.”

ಮನೆಗೆ ಬಂದು ಮಗಳ ಬೆಳ್ಳಿ ಬಟ್ಟಲು ತೆಗೆದೆ. ನೆಲದ ಮೇಲಿಟ್ಟು ಥಾಲಿ ಆಡಿಸಿದರೆ ಕುಯ್ ಅಂತು. ಎರಡು ಸಲ, ಮೂರು ಸಲ ಮಾಡಿದೆ. ಮಗಳು ಚಪ್ಪಾಳೆ ತಟ್ಟಿದಳು. ನನಗೂ ಎಷ್ಟು ಧೈರ್ಯ ಬಂತೆಂದರೆ, ಆಗಲೇ ಅವ್ವನಿಗೆ ಫೋನು ಹಚ್ಚಿದೆ.

“ಯವ್ವಾ, ನಾಳಿ ಮಷೀನ ತರಾಕತ್ತೀನಿ.”

“ಲಿಂಗ ಹುಡುಕ್ತದೇನವ್ವ ಅದು?” ದನಿ ಉಡುಗಿಹೋಗಿತ್ತು.

“ಹೂಂ, ಏನಿದ್ರೂ ಹುಡುಕ್ತದ. ಪಾತಾಳದಾಗಿದ್ರೂ ತಗೀತದ.”

“ಹಂಗಾರ ಬಾರವ್ವ. ಸಿಕ್ಕಕೂಡ್ಲೇ ಪೂಜಿ ಮಾಡಿ ಎರಡು ತುತ್ತು ಉಣ್ತೀನಿ.”

ಲೋಹವನ್ನು ಮಾತ್ರ ಹುಡುಕುತ್ತದೆ ಎಂದು ಬಿಡಿಸಿ ಹೇಳಬಹುದಿತ್ತು. ಮುದುಕಿಗೆ ಅದೆಲ್ಲ ಯಾರು ಹೇಳುತ್ತ ಕೂರಬೇಕು ಅನಿಸಿತು. ಬೈಯಲಿಕ್ಕೆ ನನಗೆ ಎಲ್ಲಿಲ್ಲದ ಪುರುಸೊತ್ತು, ಹೇಳಲಿಕ್ಕೆ ಇಲ್ಲ.

ಬಸ್ಸಿನಲ್ಲಿ ಆದ ಫಜೀತಿ ಕೇಳಬೇಡಿ. ತೊಡೆಯ ಮೇಲೆ ಕೌದಿ ಸುತ್ತಿದ ಥಾಲಿ, ಕಾಲ ಸಂದಿಯಲ್ಲಿ ಚಾದರ ಸುತ್ತಿದ ಕೋಲು, ಚೀಲದ ತಳದಲ್ಲಿ ಸೀರೆ ಮಡಿಕೆಯೊಳಗೆ ಬಟ್ಟಲು, ಸೆಲ್ಲುಗಳು ನನ್ನ ಪರ್ಸಿನಲ್ಲಿ. ಕೂಸು ಮಲಗಿದೆ ಎಂದುಕೊಂಡು ಒಬ್ಬಳು ಕೌದಿ ಸರಿಸಿ ನೋಡಿಯೇಬಿಟ್ಟಳು. ಅಷ್ಟು ಸಾಕಾಯಿತು. ಮಹಾಗಾಂವ ಬರುವಷ್ಟರಲ್ಲಿ ಹಿಂದಿನ ಸೀಟಿನ ಟವೆಲ್ಲಿನವನು ನನ್ನ ಕಿವಿಯ ಹತ್ತಿರ ಬಂದಿದ್ದ.

“ಅಕ್ಕಾರ, ನಿಧಿ ಮಷೀನೇನ್ರಿ? ನಮ್ಮ ಹೊಲದ ಬಾಜೂಕ ಹಳೇ ಗೋಡಿ ಒಂದು ಅದರಿ. ಅರ್ಧಾ ನಿಮಗ, ಅರ್ಧಾ ನಮಗ.”

“ನಮ್ಮವ್ವ ಸಾಯಾಕತ್ತಾಳಪ್ಪ, ಅದರಾಗೂ ಅರ್ಧಾ ಬೇಕೇನು?” ಎಂದೆ. ಅವನು ಟವೆಲ್ಲು ಸರಿಮಾಡಿಕೊಂಡು ಮಹಾಗಾಂವದಲ್ಲೇ ಇಳಿದುಹೋದ. ಹಾಗೆ ಅಂದುಬಿಟ್ಟೆನಲ್ಲ ಎಂದು ಕಮಲಾಪುರ ಬರುವವರೆಗೂ ಥಾಲಿಯನ್ನು ಗಟ್ಟಿಯಾಗಿ ಅಪ್ಪಿಕೊಂಡೇ ಕೂತಿದ್ದೆ.

ಅವ್ವ ತೋಟದಲ್ಲೇ ಇದ್ದಳು. ಬೇಡವೆಂದರೂ ಕೇಳದೆ ಅಣ್ಣನ ಹೆಗಲ ಮೇಲೆ ಕೈಹಾಕಿ ಬಂದು, ಕೆಂಪು ಬಾಳೆಯ ಸಾಲಿನ ತುದಿಗೆ ಹಾಕಿದ ಹೊರಸಿನ ಮೇಲೆ ಕುಳಿತಿದ್ದಳು. ತುಟಿ ಒಣಗಿ ಬಿಳಿಚಿತ್ತು. ನನ್ನನ್ನು ನೋಡಿ ನಕ್ಕಳು. ನಾನು ಖಾಲಾ ಹೇಳಿದಂತೆ ಕೋಲಿಗೆ ಥಾಲಿ ಕೂಡಿಸಿ, ಸೆಲ್ಲು ಹಾಕಿ, ಕೊನೆಗೆ ಸೀರೆ ಮಡಿಕೆಯಿಂದ ಬಟ್ಟಲು ತೆಗೆದೆ.

ಬಟ್ಟಲು ನೋಡುತ್ತಲೇ ಅವ್ವನ ನಗು ಹೋಯಿತು. “ಅದನ್ಯಾಕ ತಂದೀ?” ಅಂದಳು.

“ಮಷೀನಿಗಿ ರುಚಿ ತೋರಸಾಕ. ನೀ ಸುಮ್ಮ ಕುಂದ್ರು.”

ಅವ್ವ ಮುಖ ಆ ಕಡೆ ತಿರುಗಿಸಿದಳು. ನಿತ್ರಾಣದಿಂದ ಇರಬೇಕು ಅಂದುಕೊಂಡೆ. ಬಟ್ಟಲು ಕುಯ್ ಅಂತು, ನಾನು ಕೆಲಸ ಶುರುಮಾಡಿದೆ.

ಮೊದಲು ಬೂದಿಯ ಗುಡ್ಡೆ. ಅಂಗುಲ ಅಂಗುಲ ಆಡಿಸಿದೆ, ಅಣ್ಣ ಸಲಿಕೆಯಿಂದ ಹರವುತ್ತ ಬಂದ. ಅಲ್ಲಿ ಸಿಕ್ಕದ್ದು ಒಂದು ಮೊಳೆ, ಒಂದು ಬೀಡಿ ಡಬ್ಬಿಯ ಮುಚ್ಚಳ. ಆಮೇಲೆ ಸಾಲುಗಳು. ಒಂದು ಸಾಲಿನಲ್ಲಿ ಮುರಿದ ಕುಡಗೋಲು, ಇನ್ನೊಂದರಲ್ಲಿ ತಂತಿಯ ಸಿಂಬೆ. ಪ್ರತಿ ಸಲ ಗರ್ರ್ ಅಂದಾಗಲೂ ಅವ್ವ ಹೊರಸಿನ ಹಗ್ಗ ಹಿಡಿದು ಏಳಲು ನೋಡುತ್ತಿದ್ದಳು, ಪ್ರತಿ ಸಲ ನಾನು “ಅಲ್ಲ ಯವ್ವಾ” ಅನ್ನುತ್ತಿದ್ದೆ. ಆಮೇಲಾಮೇಲೆ ಅನ್ನುವುದನ್ನು ಬಿಟ್ಟೆ, ತಲೆ ಮಾತ್ರ ಅಲ್ಲಾಡಿಸಿದೆ. ಅವಳೂ ಏಳುವುದನ್ನು ಬಿಟ್ಟಳು. ಹೊತ್ತು ಇಳಿಯುವಷ್ಟರಲ್ಲಿ ಅವ್ವ ಕೆಲಸ ಮಾಡಿದ್ದ ಹದಿನಾಲ್ಕು ಸಾಲೂ ಮುಗಿದವು. ಬಾವಿಯ ದಾರಿ ಮುಗಿಯಿತು. ನನ್ನ ಭುಜ ಬಿದ್ದುಹೋಗಿತ್ತು.

“ಮಷೀನ ಕೆಟ್ಟಾದೇನು ನೋಡು,” ಅಂದ ಅಣ್ಣ.

“ಕೆಟ್ಟಿಲ್ಲ!” ಎಂದು ಅವನ ಮೇಲೆ ಹರಿಹಾಯ್ದೆ. “ಬೆಳ್ಳಿ ಒಂದು ಗುಂಜಿಯಷ್ಟಿದ್ರೂ ಕೂಗಬೇಕಿತ್ತು. ಇಲ್ಲಿ ಬೆಳ್ಳೀನೇ ಇಲ್ಲ. ಯಾರೋ ಎತ್ಕೊಂಡು ಹೋಗ್ಯಾರ, ಅವರ ಕೈ ಸೇದಿಹೋಗಲಿ! ಕರಡಿಗಿ ಆಸೀಕ ಲಿಂಗಾನೂ ಒಯ್ದಾರ!”

“ಯಾರಿಗೂ ಬೈಬ್ಯಾಡವ್ವ,” ಅಂದಳು ಅವ್ವ ಹೊರಸಿನಿಂದ. ಆಮೇಲೆ ಮೆಲ್ಲಗೆ ಕೇಳಿದಳು: “ಅದು ಬೆಳ್ಳಿ ಇದ್ರನೇ ಕೂಗ್ತದೇನು?”

“ಮತ್ತ? ಬೆಳ್ಳಿ, ಕಬ್ಬಿಣ, ತಾಮ್ರ. ಏನರೆ ಲೋಹ ಇರಬೇಕು.”

“ಏನಿದ್ರೂ ಹುಡುಕ್ತದ ಅಂದಿದ್ದೆಲ್ಲ.”

ನಾನು ಬಂದು ಮಷೀನನ್ನು ಹೊರಸಿಗೆ ಒರಗಿಸಿದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

“ಲಿಂಗ ಅರಿವಿ ತುಂಡಿನಾಗ ಕಟ್ಟಿತ್ತವ್ವ,” ಅಂದಳು. “ಎರಡು ವರ್ಷಾತು. ಕರಡಿಗಿ ಇಲ್ಲ.”

“ಎಲ್ಲಿ ಹೋತು ಕರಡಿಗಿ?”

ಅವ್ವ ಹೊರಸಿನ ಕಾಲ ಬಳಿ ನಾನು ಇಟ್ಟಿದ್ದ ಬಟ್ಟಲನ್ನು ನೋಡಿದಳು, ಅಷ್ಟೆ.

ಎರಡು ವರ್ಷದ ಹಿಂದೆ ಮಗಳ ಜಾವಳ, ಮೊದಲ ಕೂದಲು, ತೆಗೆಸಿದಾಗ ಗಂಡನ ಕಡೆಯವರೆಲ್ಲ ಬೆಳ್ಳಿ ತಂದಿದ್ದರು. ತವರಿನಿಂದ ಬಾಳೆಗೊನೆ, ಕುಬಸ ಅಷ್ಟೇ ಬಂದಿದ್ದವು. ಅವತ್ತೇ ಫೋನು ಮಾಡಿ ಬಾಯಿಗೆ ಬಂದಂತೆ ಅಂದಿದ್ದೆ: ನಾಲ್ಕು ಮಂದಿಯ ಮುಂದೆ ನನ್ನ ಮಾನ ಕಳೆದಿರಿ, ತವರು ಸತ್ತಿದೆ ಅಂದುಕೊಳ್ಳುತ್ತೇನೆ. ತಿಂಗಳಾದ ಮೇಲೆ ಅವ್ವ ತಾನೇ ಬಸ್ಸು ಹತ್ತಿ ಖೂಬಾ ಪ್ಲಾಟಿಗೆ ಬಂದು ಬಟ್ಟಲು ಕೊಟ್ಟಿದ್ದಳು. ನಿಮ್ಮಪ್ಪ ಇಟ್ಟಿದ್ದ ಬೆಳ್ಳಿ ಅಂದಿದ್ದಳು. ಅಪ್ಪ ಎಲ್ಲಿಂದ ಇಡಬೇಕಿತ್ತು ಅಂತ ನಾನು ಕೇಳಲಿಲ್ಲ. ಓಣಿಯ ತುಂಬ ತೋರಿಸಿಕೊಂಡು ಬಂದೆ.

ಅಣ್ಣ ಬೂದಿಯ ಕಡೆ ನೋಡಿದ. ನಾನೂ ನೋಡಿದೆ. ಎಣ್ಣೆ ಕುಡಿದ ಹಳೆ ಅರಿವೆ, ಅದರೊಳಗೆ ರಾಳ, ಎಣ್ಣೆ ಕಲಸಿದ ಕಪ್ಪು ಕಂತಿ ಮೆತ್ತಿದ ಲಿಂಗ, ಬೆಂಕಿಯಲ್ಲಿ ಎಷ್ಟು ಹೊತ್ತು ಇರುತ್ತದೆ? ಅವ್ವನಿಗೆ ಇದು ಮೊದಲೇ ಗೊತ್ತಿತ್ತು. ಪಾತಾಳದಿಂದಲೂ ತೆಗೆಯುತ್ತದೆ ಅಂತ ನಾನು ಹೇಳಿದ್ದಕ್ಕೇ ಅವಳು ಇಡೀ ದಿನ ಬಿಸಿಲಿನಲ್ಲಿ ಕೂತಿದ್ದಳು.

“ಯವ್ವಾ, ನನ್ನ ಬಾಯಿಗಿ ಹುಳ ಬೀಳಲಿ! ಒಂದು ಮಾತು ಹೇಳಬಾರದಾ! ಇವತ್ತೇ ಅಜ್ಜಾರನ್ನ ಕರಸ್ತೀನಿ, ಹೊಸಾದು ಕಟ್ಟಸ್ಕೋ, ನಿನ್ನ ಕಾಲು ಹಿಡಕೋತೀನಿ,” ಎಂದು ಅತ್ತೆ. ಬಟ್ಟಲು ತೆಗೆದು ಅವಳ ಎರಡೂ ಕೈಯೊಳಗೆ ಇಟ್ಟೆ. “ತಗೋ, ನಿನ್ನ ಕರಡಿಗಿ ಇದೇ ಅದ, ಇದನ್ನ ಹಿಡ್ಕೋ.”

“ಕೂಸಿನ ಬಟ್ಟಲವ್ವ ಇದು,” ಅಂದಳು ಅವ್ವ. “ಖಾಲಿ ಅದ.”

ಅವಳ ಕಣ್ಣು ಮುಚ್ಚಿಕೊಂಡು ಬಂದವು. ಕೈ ಸಡಿಲಾಗಿ, ಬಟ್ಟಲು ಜಾರಿ ಹೊರಸಿಗೆ ಒರಗಿಸಿಟ್ಟ ಮಷೀನಿನ ಥಾಲಿಯ ಪಕ್ಕಕ್ಕೆ ಉರುಳಿತು. ಸೆಲ್ಲು ತೆಗೆಯುವುದನ್ನು ನಾನು ಮರೆತಿದ್ದೆ. ಕುಯ್ ಎಂದು ಸಣ್ಣಗೆ, ಬಿಡದೆ ಕೂಗತೊಡಗಿತು.

ಅವ್ವ ಬೆಚ್ಚಿ ಕಣ್ಣು ತೆರೆದಳು. ಬಲಗೈ ಕೊರಳಿಗೆ ಹೋಯಿತು.

“ಸಿಕ್ತೇನು, ಮಲ್ಲಿ?” ಅಂದಳು.

ನಾನು ಮಷೀನನ್ನು ಮಗ್ಗುಲಾಗಿಸಿ, ಸೆಲ್ಲುಗಳನ್ನು ಒಂದೊಂದಾಗಿ ತೆಗೆದೆ.