ಆಪರೇಟರ್ ಪದ್ಮಯ್ಯ ಕೆಡಿಸಿದ ಕತ್ತಲೆ

ಪದ್ಮಯ್ಯನವರು ಸಿನಿಮಾ ನೋಡಲು ಕೂತರೆ ಪರದೆಗೆ ಅರ್ಧ ಮುಖ ಕೊಟ್ಟು, ಇನ್ನರ್ಧವನ್ನು ಮೆಷಿನ್ನಿರುವ ಹಿಂದಿನ ಗೋಡೆಗೆ ಮೀಸಲಿಡುತ್ತಾರೆ. ಚನ್ನರಾಯಪಟ್ಟಣದ ಟಾಕೀಸಿನಲ್ಲಿ ಆಪರೇಟರ್ ಆಗಿ, ಪಿಚ್ಚರ್ ಓಡಿಸುವ ಮೆಷಿನ್ನಿನ ಪಕ್ಕ ನಿಂತು ನಿಂತೇ ತಲೆ ನರೆತ ಮನುಷ್ಯ. ಎಡಭುಜ ತುಸು ತಗ್ಗಿದೆ, ನಡಿಗೆಯೂ ಅದೇ ಕಡೆಗೆ ವಾಲುತ್ತದೆ. ಟಾಕೀಸು ಮದುವೆ ಛತ್ರವಾದ ಮೇಲೂ ಅವರು ಖಾಕಿ ಕೋಟನ್ನು ಬಿಟ್ಟವರಲ್ಲ. ತಮ್ಮೂರು ಜಿನನಾಥಪುರದ ಜಗಲಿಯಲ್ಲಿ ಯಾರಾದರೂ ಪತ್ತೇದಾರಿ ಚಿತ್ರವೊಂದನ್ನು ಹೊಗಳಿದರೆ ಸಾಕು, "ನಾನು ಆರ್ನೇ ಕ್ಲಾಸು ಕಣಪ್ಪಾ. ಆದ್ರೆ ಮೊದಲ್ನೇ ರೀಲಿನಾಗೇ ಕೊಲೆ ಮಾಡ್ದೋನು ಯಾರು ಅಂತ ಏಳ್ಬುಡ್ತೀನಿ, ತಿಳೀತಾ?" ಎನ್ನುತ್ತಾರೆ. ಹೇಳಿಯೂ ಬಿಡುತ್ತಾರೆ. ಅವರ ಮನೆಯಾಕೆ ಜಿನಮ್ಮ ಗಂಡನ ಜೊತೆ ಕೂತು ಸಿನಿಮಾ ನೋಡುವುದನ್ನು ಬಿಟ್ಟದ್ದು ಅದಕ್ಕೇ.

ಇಂಥವರನ್ನು ಹಾಸನದ ಕಾಲೇಜೊಂದು ತನ್ನ ಚಿತ್ರಸ್ಪರ್ಧೆಗೆ ತೀರ್ಪುಗಾರರಾಗಿ ಕರೆಯಿತು. ವಿದ್ಯಾರ್ಥಿಗಳು ತಲಾ ಒಂದೊಂದು ಥ್ರಿಲ್ಲರ್ ಚಿತ್ರದ ಆರಂಭವನ್ನಷ್ಟೇ ತೆಗೆದಿದ್ದರು. ಗೆದ್ದವರಿಗೆ ಮಾತ್ರ ಮುಂದಿನ ಕಥೆ ತೆಗೆಯಲು ಕಾಲೇಜಿನ ಕ್ಯಾಮೆರಾ ಸಿಗುತ್ತಿತ್ತು. ಪದ್ಮಯ್ಯ ಕೋಟಿಗೆ ಇಸ್ತ್ರಿ ಹಾಕಿಸಿ ಬಸ್ಸು ಹತ್ತಿದರು. ಇನ್ನೊಬ್ಬ ತೀರ್ಪುಗಾರ, ಮೇಷ್ಟ್ರು ಪೃಥ್ವಿರಾಜರ ಪಕ್ಕ ಮುಂದಿನ ಸಾಲಿನಲ್ಲಿ ಕೂತರು.

ರಜನೀಶನೆಂಬ ಹುಡುಗನ ಚಿತ್ರದಲ್ಲಿ ಚಾಕು ಮಿಂಚಿ ರಕ್ತ ಹರಿಯಿತು. "ಟಮಾಟೆ ಸಾಸು ಕಣ್ಲಾ ಇದು, ಬೋಂಡ ಇದ್ದಿದ್ರೆ ಅದ್ಕೊಂಡು ತಿನ್ಬೋದಿತ್ತು" ಎಂದರು ಪದ್ಮಯ್ಯ. ಸಭೆ ನಕ್ಕಿತು. ಆ ನಗು ಅವರ ತಲೆಗೇರಿತು.

ಆಮೇಲೆ ಅರಕಲಗೂಡಿನ ಶಿವರಂಜನಿಯ ಸರದಿ. ಒಂಟಿ ಹುಡುಗಿಯೊಬ್ಬಳು ಬಾಗಿಲಿಗೆ ಅಗುಳಿ ಹಾಕಿ, ನಿರಾಳವಾಗಿ ಈಚೆ ತಿರುಗುತ್ತಾಳೆ. ದೀಪ ಆರುತ್ತದೆ. ಪರದೆಯೆಲ್ಲ ಕಪ್ಪು; ಸದ್ದಿಲ್ಲ. ಸಭೆ ಉಸಿರು ಬಿಗಿಹಿಡಿಯಿತು. ಪರದೆ ಕಪ್ಪಾದರೆ ಜನರ ಬೈಗುಳವೆಲ್ಲ ಆಪರೇಟರನ ತಲೆಗೇ ಬೀಳುತ್ತದೆಂಬ ಟಾಕೀಸಿನ ಕಾಲದ ದಿಗಿಲು, ಬುದ್ಧಿಗಿಂತ ಮೊದಲು ಪದ್ಮಯ್ಯನವರ ಕಾಲಿಗೆ ಮುಟ್ಟಿತು. ದಡಕ್ಕನೆ ಎದ್ದು, "ಬೆಳಕು ಓಯ್ತು! ನಿಲ್ಸ್ರಲಾ ಮೆಷಿನ್ನು!" ಎಂದು ಕೂಗಿ, ತಾವೇ ಗೋಡೆಯ ಸ್ವಿಚ್ಚು ಒತ್ತಿದರು. ಟ್ಯೂಬ್‌ಲೈಟು ಹತ್ತಿದ ಗಳಿಗೆಗೇ ಸ್ಪೀಕರಿನಿಂದ ಇನ್ನೊಬ್ಬರ ಉಸಿರು ಕೇಳಿಸಿತು. ಆ ಮನೆಯೊಳಗೆ ಮೊದಲೇ ಅಡಗಿ ಕೂತಿದ್ದವನ ಉಸಿರು. ಹಗಲಿನಂಥ ಬೆಳಕಿನಲ್ಲಿ ಅದು ಗೊರಕೆಯಂತಿತ್ತು. ಹುಡುಗರು ಗೊಳ್ಳೆಂದರು.

"ಇಷ್ಟು ಪಿಚ್ಚರ್ ನೆಟ್ಗೆ ಓಡ್ಸಕ್ ಬರಲ್ವೇನವ್ವಾ?" ಪದ್ಮಯ್ಯ ಇನ್ನೂ ಗದರುತ್ತಲೇ ಇದ್ದರು.

"ಏನೂ ಕೆಟ್ಟಿಲ್ಲ ಸಾ. ಆ ಕತ್ಲೆ ನಾನೇ ಇಟ್ಟಿದ್ದು" ಎಂದಳು ಶಿವರಂಜನಿ.

ಪದ್ಮಯ್ಯನವರ ಕಿವಿ ಕಾದ ಹಂಚಿನಂತಾಯಿತು. ಮೇಷ್ಟ್ರು ದೀಪ ಆರಿಸಿ ಚಿತ್ರವನ್ನು ಮತ್ತೊಮ್ಮೆ ಹಾಕಿಸಿದರು. ಈ ಸಲ ಉಸಿರು ಬರುವ ಮೊದಲೇ ಹಿಂದಿನ ಬೆಂಚಿನಿಂದ ಯಾರೋ ಗೊರಕೆ ಹೊಡೆದರು. ಮೇಷ್ಟ್ರೂ ತುಟಿ ಕಚ್ಚಿ ನಗು ತಡೆದರು. ಒಮ್ಮೆ ಚೆಲ್ಲಿಹೋದ ಭಯವನ್ನು ಬಳಿದು ಮತ್ತೆ ತುಂಬುವುದು ಹೇಗೆ? ಪದ್ಮಯ್ಯ ತಲೆ ಬಗ್ಗಿಸಿಕೊಂಡೇ ಶಿವರಂಜನಿಯ ಬಳಿ ಹೋಗಿ ಪಿಸುಗುಟ್ಟಿದರು: "ಪೂರ್ತಿ ನಂಬರ್ ಕೊಟ್ಟಿವ್ನಿ ಕಣವ್ವಾ."

"ನಿಮ್ಗೆ ಎದ್ರಿಕೆ ಆಯ್ತಾ ಸಾ?"

"...ಇಲ್ಲ ಕಣವ್ವಾ."

"ಅಂಗಾದ್ರೆ ಬ್ಯಾಡಿ ಸಾ. ಕನಿಕರದ ನಂಬರ್ ತಗೊಂಡು ನಾನೇನ್ ಮಾಡ್ಲಿ?"

ಪದ್ಮಯ್ಯ ಹಿಂದಿರುಗಿ, ಮೇಷ್ಟ್ರ ಮುಂದೆ ನಿಂತು, ಸಭೆಗೆಲ್ಲ ಕೇಳುವಂತೆಯೇ ಹೇಳಿದರು: "ನಾನು ಈ ಪಿಚ್ಚರ್ ನೋಡ್ನಿಲ್ಲ, ಕೆಡಿಸ್ದೆ. ನಾನು ಯಾರ್ಗೆ ಕೊಟ್ಟ ನಂಬರೂ ಲೆಕ್ಕಕ್ ಇಡ್ಕೋಬ್ಯಾಡಿ." ಮೇಷ್ಟ್ರು ತಮ್ಮ ಅಂಕಗಳಿಂದಲೇ ತೀರ್ಪು ಕೊಟ್ಟರು. ಕ್ಯಾಮೆರಾ ರಜನೀಶನಿಗೆ ಹೋಯಿತು. ಶಿವರಂಜನಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಅದನ್ನು ನೋಡಲಾರದೆ ಪದ್ಮಯ್ಯ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ನಡೆದರು.

ತಾವಾಗಿ ಕಲಿತವರ ಕುಲವೇ ಹೀಗೆ. ಯಾರೂ ಕೈಹಿಡಿದು ಕಲಿಸದ ತಮ್ಮ ವಿದ್ಯೆಯನ್ನು ಹೊಲ ಕಾಯುವಂತೆ ಕಾಯುತ್ತಾರೆ. ಬೇಲಿಯಾಚೆ ಬೆಳೆದದ್ದೆಲ್ಲ ಅವರ ಕಣ್ಣಿಗೆ ಕಳೆ. ತಿದ್ದುವ ಗುರುವಿಲ್ಲದ ಕಾರಣ ಅವರ ತಪ್ಪು ಅವರಿಗೆ ತಿಳಿಯುವುದು ತುಂಬಿದ ಸಭೆಯಲ್ಲೇ. ಅದಕ್ಕೆ ದಂಡ ತೆರುವವರು ಮಾತ್ರ ಇನ್ನಾರೋ ಎಳೆಯರು. ಅಂಥ ಹಿರಿಯರು ನಾಚಿ ಕುಗ್ಗಿದಾಗ ನಮ್ಮ ಕರುಳು ಚುರುಕ್ಕೆನ್ನುವುದು ಸಹಜ. ಆದರೆ ಆ ಮರುಕದ ಮೊದಲ ಪಾಲು ಅವರದಲ್ಲ.