ನಾಲ್ಕನೇ ಪುಟದ ಹನ್ನೆರಡು ಸಾಲು

ಭಾಗಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅಚ್ಚುಕೂಟದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ವಾರ ಮಾತ್ರ ಅದು ಮೂಗು ಬಿಟ್ಟು ಹೊಟ್ಟೆಗೆ ಇಳಿದಿತ್ತು. ವಿಜಾಪುರದ ಆ ಸಣ್ಣ ವಾರಪತ್ರಿಕೆಯ ಮಾಲಕ ಸಂಗಣ್ಣ ಅಚ್ಚಿನ ಮೊಳೆ ಜೋಡಿಸಲು ಕೊಟ್ಟ ಕಾಗದದಲ್ಲಿ ಹೀಗೆ ಬರೆದಿತ್ತು: ‘ಘೋಣಸಗಿಯ ಹಳ್ಳದ ಪ್ರವಾಹಕ್ಕೆ ಸಿಲುಕಿದ್ದ ಬಾಣಂತಿ ಹಾಗೂ ಶಿಶುವನ್ನು ಪಂಚಾಯತಿ ಚೇರಮನ್ ರೇವಪ್ಪನವರು ಪ್ರಾಣದ ಹಂಗು ತೊರೆದು ಕಾಪಾಡಿದರು.’

ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಆ ಸುಳ್ಳನ್ನು ಭಾಗಪ್ಪ ಕೈಯಾರೆ ಜೋಡಿಸಿದ. ನೀರಿಗೆ ಧುಮುಕಿದವಳು ಅವನ ಸ್ವಂತ ಅಕ್ಕ ಸೋನಾಬಾಯಿ. ಬೋರವ್ವ ಎಂಬಾಕೆ ಮೂರು ತಿಂಗಳ ಕೂಸಿನೊಂದಿಗೆ ಬಬಲೇಶ್ವರದ ತವರಿನಿಂದ ಘೋಣಸಗಿಯ ಗಂಡನ ಮನೆಗೆ ಬರುತ್ತಿದ್ದಾಗ ಹಳ್ಳದ ನಡುವೆ ಚಕ್ಕಡಿ ಮಗುಚಿತ್ತು. ದಂಡೆಯಲ್ಲಿದ್ದವರು ಬಾಯಿ ಬಾಯಿ ಬಡಿದುಕೊಳ್ಳುವುದರಲ್ಲೇ ಇದ್ದರು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಸೋನಾಬಾಯಿ ಓಡಿ ಬಂದು, ಮೊದಲು ಕೂಸನ್ನೂ ಆಮೇಲೆ ತಾಯಿಯನ್ನೂ ಎಳೆದು ತಂದಳು. ರೇವಪ್ಪನವರು ಬಂದದ್ದು ನೀರು ಮೊಣಕಾಲಿಗೆ ಇಳಿದ ಮೇಲೆ, ಅದೂ ಕೊಡೆ ಹಿಡಿದುಕೊಂಡು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗುವುದು ಹೊಸದೇನಲ್ಲ. ಆ ಹಾವಿಗೆ ಬಾಗಿಲು ತೆಗೆಯುವ ಕೆಲಸ ತನ್ನ ಬೆರಳಿಗೇ ಬಂತಲ್ಲ ಎಂದು ಭಾಗಪ್ಪ ಕುದಿದ.

ಅಚ್ಚಿಗೆ ಹೋಗುವ ಮೊದಲು ಅವನು ಸಂಗಣ್ಣನ ಮೇಜಿನ ಮುಂದೆ ಹೋಗಿ ನಿಂತ.

“ಮಾಲಕ್ರ, ಇದು ಖರೇ ಅಲ್ರಿ. ಹಳ್ಳಕ್ಕ ಜಿಗದಾಕಿ ನಮ್ಮಕ್ಕ.”

ಸಂಗಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡುವುದಾದರೂ ಸುಲಭವಿತ್ತು. ಅವನು ಕನ್ನಡಕ ತೆಗೆದು ಒರೆಸಿಕೊಂಡು ಮೆತ್ತಗೆ ಹೇಳಿದ. “ನನಗ ಗೊತ್ತೈತಿ ಭಾಗಪ್ಪ. ಆದ್ರ ರೇವಪ್ಪನವರು ದೊಡ್ಡವ್ರು. ನಿಮ್ಮಕ್ಕನ ಹೆಸರ ಹಾಕಿದ್ರ ಊರಾಗ ಗದ್ದಲ ಆಗ್ತೈತಿ. ಬೇಕಂದ್ರ ‘ಊರವರೂ ನೆರವಾದರು’ ಅಂತ ಒಂದ ಸಾಲ ಸೇರಸು.”

“ಆಕಿ ಊರವರಾಗ ಎಲ್ಲಿ ಬರ್ತಾಳ್ರಿ? ಊರವರು ಆಕಿನ್ನ ಊರಾಗ ಬಿಟ್ಕೊಂಡಿಲ್ಲ.”

ಮಾತು ಸುಳ್ಳಲ್ಲ. ಅವರ ಓಣಿ ಬೌದ್ಧ ಧರ್ಮಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂದಿತ್ತು, ದೇವರು ಬದಲಾಗಿದ್ದ. ಊರಿನವರ ಕಣ್ಣು ಬದಲಾಗಿರಲಿಲ್ಲ. ಸೋನಾಬಾಯಿ ನೀರಿಗೆ ಬಾವಿಯ ಹತ್ತಿರ ಹೋದರೆ ಈಗಲೂ ದೂರ ನಿಲ್ಲಬೇಕು; ಯಾರಾದರೂ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಗಣ್ಣ ಕನ್ನಡಕ ಹಾಕಿಕೊಂಡು ಬೇರೆ ಕಾಗದ ಎತ್ತಿಕೊಂಡ. ಸುದ್ದಿ ಹಾಗೇ ಅಚ್ಚಾಯಿತು.

ದೀಪಾವಳಿಗೆ ಭಾಗಪ್ಪ ಅಥಣಿ ರಸ್ತೆಯ ಬಸ್ಸು ಹಿಡಿದು ತಿಕೋಟಾದಲ್ಲಿ ಇಳಿದು, ಅಲ್ಲಿಂದ ನಡೆದು ಘೋಣಸಗಿಗೆ ಹೋದ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವನು ಪತ್ರಿಕೆಯ ಮೇಲೆ, ರೇವಪ್ಪನ ಮೇಲೆ, ಊರಿನ ಮೇಲೆ ಇದ್ದಬದ್ದ ಸಿಟ್ಟನ್ನೆಲ್ಲ ಒಲೆಯ ಮುಂದೆ ಸುರಿದ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲೇ ಇಲ್ಲ.

“ಬಿಡೋ ತಮ್ಮಾ. ಪೇಪರ್ನಾಗ ಹೆಸರ ಬರಲಿಲ್ಲಂತ ಆ ಕೂಸ ತಿರಗಿ ನೀರಾಗ ಹೋಗ್ತೈತೇನು? ಬೋರವ್ವ ನನ್ನ ಮರತಿಲ್ಲ. ಅಷ್ಟ ಸಾಕು.”

ಆಮೇಲೆ ದನಿ ತಗ್ಗಿಸಿ ಹೇಳಿದಳು. ಅಂದು ದಂಡೆಗೆ ತಂದಾಗ ಬೋರವ್ವನಿಗೆ ಎಚ್ಚರವಿರಲಿಲ್ಲ. ಕೂಸು ಹಸಿವಿನಿಂದ, ಚಳಿಯಿಂದ ನೀಲಿಗಟ್ಟಿ ಅಳುತ್ತಿತ್ತು. ಸೋನಾಬಾಯಿಯ ಮಗಳು ಇನ್ನೂ ಹಾಲು ಕುಡಿಯುವ ವಯಸ್ಸಿನವಳು. ಸೋನಾಬಾಯಿ ಹಿಂದೆ ಮುಂದೆ ನೋಡದೆ, ಜಾಲಿಯ ಮರೆಯಲ್ಲಿ ಕೂತು ಆ ಕೂಸನ್ನು ಎದೆಗೆ ಹಚ್ಚಿಕೊಂಡಿದ್ದಳು. ಬೋರವ್ವ ಕಣ್ಣು ತೆರೆದಾಗ ಕಂಡದ್ದು ಅದನ್ನೇ. ಎರಡೂ ಕೈ ಮುಗಿದಳಂತೆ. ಅಂದಿನಿಂದ ಪ್ರತಿ ವಾರ ತಿಕೋಟಾದ ಸಂತೆಗೆ ಬಂದು, ಬಳೆಗಾರ್ತಿ ಪೀರಾಂಬಿಯ ಅಂಗಡಿಯ ಹಿಂದಿನ ತಟ್ಟಿಯ ಮರೆಗೆ ಹೋಗಿ ಕೂಸನ್ನು ಸೋನಾಬಾಯಿಯ ತೊಡೆಯ ಮೇಲೆ ಹಾಕುತ್ತಾಳೆ.

“ನನ್ನ ಕಂಡ್ರ ನಗತೈತಿ. ಮೂಗ ಹಿಡಿತೈತಿ,” ಎಂದು ಸೋನಾಬಾಯಿ ನಕ್ಕಳು.

ಅವಳ ದನಿ ತಗ್ಗಿದ್ದನ್ನು ಭಾಗಪ್ಪ ಗಮನಿಸಿದ. ಯಾಕೆ ತಗ್ಗಿತೆಂದು ಯೋಚಿಸಲಿಲ್ಲ. ಜೀವ ಉಳಿಸಿದವಳಿಗೆ ಕೈ ಮುಗಿಯಲೂ ತಟ್ಟಿಯ ಮರೆ ಬೇಕೇ? ಇದೆಂಥ ಉಪಕಾರ ಸ್ಮರಣೆ? ಹಗಲು ಬೆಳಕಿನಲ್ಲಿ, ನಾಲ್ಕು ಜನರ ನಡುವೆ ಹೇಳಲಾಗದ ಕೃತಜ್ಞತೆ ಇದ್ದರೆಷ್ಟು, ಬಿಟ್ಟರೆಷ್ಟು?

ಮಾಘ ಮಾಸದಲ್ಲಿ ಸಂಗಣ್ಣ ಯಾವುದೋ ಮದುವೆಗೆಂದು ಧಾರವಾಡಕ್ಕೆ ಹೋದ. ನಾಲ್ಕನೇ ಪುಟದ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಏನಾದರೂ ತುಂಬು ಎಂದು ಭಾಗಪ್ಪನಿಗೇ ಬಿಟ್ಟು ಹೋಗಿದ್ದ. ಭಾಗಪ್ಪ ಕಾಗದ ಮುಟ್ಟಲಿಲ್ಲ. ನೇರ ಮೊಳೆಯಲ್ಲೇ ಹನ್ನೆರಡು ಸಾಲು ಜೋಡಿಸಿದ. ಒಂದಕ್ಷರ ತಪ್ಪಲಿಲ್ಲ. ಹಳ್ಳ, ಚಕ್ಕಡಿ, ಅಕ್ಕನ ಹೆಸರು, ಬೋರವ್ವನ ಹೆಸರು, ಮನೆತನದ ಹೆಸರು, ಎಲ್ಲ ಬಂತು. ಕೊನೆಗೆ ಊರಿನ ಕೆನ್ನೆಗೆ ಬಾರಿಸಿದಂತೆ ಇರಲೆಂದು ಬರೆದ: ‘ಅಂದು ಆ ಶಿಶುವಿಗೆ ಹಾಲುಣಿಸಿದವಳೂ ಸೋನಾಬಾಯಿಯೇ. ಮುಟ್ಟಬಾರದು ಎನ್ನುವ ಊರು ಈಗ ಏನು ಹೇಳುತ್ತದೆ?’

ಸಂಗಣ್ಣ ಪತ್ರಿಕೆ ಹಂಚಿಯಾದ ಮೇಲೆ ಬಂದು ಓದಿ, ನಾಳೆಯಿಂದ ಬರಬೇಡ ಎಂದ. ಭಾಗಪ್ಪನಿಗೆ ಎದೆ ಉಬ್ಬಿತು. ಹುಟ್ಟಿ ಇಪ್ಪತ್ತೇಳು ವರ್ಷಕ್ಕೆ ಒಂದು ಗಂಡಸಿನ ಕೆಲಸ ಮಾಡಿದೆ ಎನ್ನಿಸಿತು. ಎರಡು ವಾರ ಬಿಟ್ಟು, ಪತ್ರಿಕೆಯ ನಾಲ್ಕು ಪ್ರತಿ ಕಂಕುಳಲ್ಲಿಟ್ಟುಕೊಂಡು ಅಕ್ಕನಿಗೆ ಓದಿ ಹೇಳಲು ತಿಕೋಟಾದ ಸಂತೆಗೆ ಹೋದ.

ಪೀರಾಂಬಿಯ ಅಂಗಡಿಯಲ್ಲಿ ಸೋನಾಬಾಯಿ ಬರಿಗೈಯಲ್ಲಿ ಕೂತಿದ್ದಳು. ಅವನನ್ನು ನೋಡಿ ಏಳಲಿಲ್ಲ. ಪತ್ರಿಕೆ ಬಿಚ್ಚಲು ಹೋದವನ ಕೈಯನ್ನು ಪೀರಾಂಬಿ ತಡೆದಳು.

“ಓದಬ್ಯಾಡಪ್ಪಾ. ರೇವಪ್ಪ ಅದನ್ನ ಚಾವಡಿಯಾಗ ಕುಂತು ಊರಿಗೆಲ್ಲ ಓದಿ ಹೇಳ್ಯಾನ.”

“ಹೇಳಲಿ. ಖರೇ ಅಲ್ಲೇನು?”

“ಖರೇನ,” ಎಂದಳು ಪೀರಾಂಬಿ. “ಅದಕ್ಕ ಬೋರವ್ವನ ಅತ್ತಿ ಹುಚ್ಚವ್ವ ಬಂಗಾರದ ಉಂಗುರ ಕಾಸಿ ಕೂಸಿನ ನಾಲಿಗಿಗೆ ಇಟ್ಟಾಳ. ಮೈಲಿಗಿ ಹೋಗಬೇಕಂತ.”

ಭಾಗಪ್ಪ ಪತ್ರಿಕೆಗಳನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿದ. ಸಂತೆಯ ಗದ್ದಲ ಸುತ್ತ ನಡೆದೇ ಇತ್ತು.

“ಎಂಟ ದಿನ ಮಲಿ ಹಿಡೀಲಿಲ್ಲಂತ ಕೂಸು,” ಎಂದಳು ಸೋನಾಬಾಯಿ. ಅವಳ ದನಿಯಲ್ಲಿ ಅಳುವಿರಲಿಲ್ಲ. “ಹತ್ತಿ ಅದ್ದಿ ಹಾಲ ಹಿಂಡ್ಯಾರ.”

“ಸುಟ್ಟವರು ಅವರು ಅಕ್ಕಾ. ನಾನಲ್ಲ.”

“ಅವರೇ. ನಾ ಎಲ್ಲಿ ಇಲ್ಲ ಅಂದೆ? ಆ ಪಾಪ ಅವರಿಗೇ ಇರಲಿ.” ಅವಳು ಮೊದಲ ಸಲ ಅವನ ಮುಖ ನೋಡಿದಳು. “ನಿಮ್ಮ ಸಂಗಣ್ಣ ನನ್ನ ಹೆಸರ ಬಿಡೂಮುಂದ ನನ್ನ ಕೇಳಲಿಲ್ಲ. ಖರೇ. ನೀ ಹಾಕೂಮುಂದ ಕೇಳಿದೇನು?”

ನ್ಯಾಯ, ಧೈರ್ಯ, ಸತ್ಯ, ಎಲ್ಲ ದೊಡ್ಡ ದೊಡ್ಡ ಶಬ್ದ ಭಾಗಪ್ಪನ ನಾಲಿಗೆಯ ತನಕ ಬಂದವು. ಆದರೆ ವಿಜಾಪುರದಿಂದ ಘೋಣಸಗಿಗೆ ಅರ್ಧ ದಿನದ ಹಾದಿ. ದೀಪಾವಳಿಯ ನಂತರದ ಮೂರು ತಿಂಗಳಲ್ಲಿ ಯಾವಾಗ ಬೇಕಾದರೂ ಬಂದು ಕೇಳಬಹುದಿತ್ತು.

ಅಷ್ಟರಲ್ಲಿ ಪೀರಾಂಬಿ ಕತ್ತು ಉದ್ದ ಮಾಡಿ ನೋಡಿದಳು. ಸಂತೆಯ ಆ ತುದಿಯಲ್ಲಿ ಬೋರವ್ವ ಕಂಡಳು. ಬಗಲಲ್ಲಿ ಕೂಸು, ಹಿಂದೆ ಅತ್ತೆ. ಬೋರವ್ವ ಬಳೆಯಂಗಡಿಯತ್ತ ನೋಡಿದಳು. ಸೋನಾಬಾಯಿ ಅಲ್ಲಿರುವುದನ್ನು ಕಂಡು ನಿಂತಲ್ಲೇ ನಿಂತಳು.

ತುಂಬಿದ ಹಳ್ಳಕ್ಕೆ ಹೆದರದ ಸೋನಾಬಾಯಿ ಗಡಬಡಿಸಿ ಎದ್ದಳು. ಮುಖದ ಮೇಲೆ ಸೆರಗು ಎಳೆದುಕೊಂಡು, ಉಳ್ಳಾಗಡ್ಡಿ ಚೀಲದ ಸಾಲಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಭಾಗಪ್ಪ ಇನ್ನೂ ನಿಂತೇ ಇದ್ದ.

“ನೀನೂ ಈ ಕಡೆ ಬಾ,” ಎಂದಳು. “ಆಕಿ ಬಳಿ ಇಡಿಸ್ಕೊಂಡು ಹೋಗಲಿ.”